ಕಿವಿ ಮೇಸ್ತ್ರಿಯ ಹಲ್ಲು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಆದರೆ ಆ ಹೆಸರಿನಿಂದ ಕರೆಯುವವರೇ ಇರಲಿಲ್ಲ. ಊರಿಗೆಲ್ಲ ಅವನು ಕಿವಿ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಎಲ್ಲಿ ಏನು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಇಪ್ಪತ್ತೈದು ವರ್ಷ ಆ ಕಿವಿಯೇ ಅವನಿಗೆ ಅನ್ನ ಹಾಕಿತ್ತು.

ಅದು ಕೈಕೊಟ್ಟು ಈಗ ಎಂಟು ತಿಂಗಳು. ಎದುರಿಗೆ ನಿಂತು ಗಟ್ಟಿಯಾಗಿ ಮಾತಾಡಿದರೆ ಕೇಳುತ್ತಿತ್ತು. ಸಣ್ಣ ಸದ್ದುಗಳು ಮಾತ್ರ ಹೇಳದೆ ಕೇಳದೆ ಹೊರಟುಹೋಗಿದ್ದವು. ಅವನು ಯಾರೆದುರಿಗೂ ಬಾಯಿ ಬಿಡಲಿಲ್ಲ. ಕಿವಿ ಹೋದ ಕಿವಿ ಮೇಸ್ತ್ರಿಯ ಹತ್ತಿರ ಗಾಡಿ ತರುವವರು ಯಾರು? ಅದಕ್ಕೊಂದು ಉಪಾಯ ಹುಡುಕಿಕೊಂಡ. ಬಂದವರನ್ನು ಎದುರಿಗೆ ನಿಲ್ಲಿಸಿ, "ಸದ್ದು ಹೆಂಗೆ ಬರುತ್ತೆ, ಬಾಯಲ್ಲಿ ಮಾಡಿ ತೋರಿಸಿ" ಎನ್ನುತ್ತಿದ್ದ. ಬಸ್ಸಿನ ಡ್ರೈವರು ಕೆನ್ನೆ ಉಬ್ಬಿಸಿಕೊಂಡು ಗೊರಗೊರ ಎನ್ನುತ್ತಿದ್ದರು. ಶಾಲೆಯ ಹೆಡ್‌ಮಿಸ್ಸು, ನಾಲ್ಕು ಜನರೆದುರು ಕೆಮ್ಮುವುದಕ್ಕೂ ನಾಚುವಂಥವರು, ಕೈಚೀಲವನ್ನು ಎದೆಗವಚಿಕೊಂಡು "ಪಟಪಟಪಟ, ಪುಸ್" ಎಂದಿದ್ದರು. ಆ ಬಾಯಿ, ಆ ಕೆನ್ನೆ ನೋಡಿ ಮೇಸ್ತ್ರಿ ಅಂದಾಜು ಕಟ್ಟುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತಿತ್ತು.

ಹತ್ತನೆಯದು ಅವನ ಸ್ವಂತ ಅಕ್ಕನ ಪಾಲಿಗೆ ಬಂತು. ಅಕ್ಕ ಜೇನು ಸಾಕುವವಳು. ಹೂವು ಬಿಟ್ಟ ಕಡೆಗೆ ಜೇನುಪೆಟ್ಟಿಗೆಗಳನ್ನು ಹೇರಿಕೊಂಡು ಕಲ್ಲುಗುಡ್ಡ ಹತ್ತುವುದೇ ಅವಳ ಬದುಕು, ಅದಕ್ಕೆ ನಾಲ್ಕೂ ಚಕ್ರ ಎಳೆಯುವ ಒಂದು ಹಳೇ ಟ್ರಕ್ಕು. ಊರಿಗೆ ಇಳಿಯುವುದೇ ಅಪರೂಪ. ಹೋದ ವಾರ ಬಂದು, "ಮುಂದೆ ಎಲ್ಲೋ ಏನೋ ಸದ್ದು ಕಣೋ" ಎಂದಿದ್ದಳು. ಅಕ್ಕನೆದುರು ಸಣ್ಣವನಾಗುವುದು ಯಾವ ತಮ್ಮನಿಗೆ ಇಷ್ಟ? ಸ್ಕ್ರೂಡ್ರೈವರನ್ನು ಕಿವಿಗಿಟ್ಟು, ಏನೂ ಕೇಳಿಸದಿದ್ದರೂ ಮಹಾಪಂಡಿತನಂತೆ ತಲೆದೂಗಿ, "ಎಡಗಡೆ ಚಕ್ರದ ಬೇರಿಂಗು" ಎಂದು ಹೇಳಿ ಅದನ್ನು ಬದಲಾಯಿಸಿ ಕಳಿಸಿದ್ದ.

ಇವತ್ತು ಅವಳು ಮತ್ತೆ ಬಂದಳು. ಒಂದು ಕಣ್ಣು ಊದಿ ಮುಚ್ಚಿತ್ತು, ಮೇಲ್ತುಟಿ ದಪ್ಪಗಾಗಿ ಮೂಗು ಮುಟ್ಟುತ್ತಿತ್ತು.

"ಬೇರಿಂಗು ಹಾಕಿದೀಯಲ್ಲ, ಬಾ, ನೋಡು ನನ್ನ ಮುಖಾನ! ನಾಲ್ಕೂ ಚಕ್ರ ಎಳೆಯೋ ಗೇರು ಹಾಕ್ಕೊಂಡು ತಿರುವಲ್ಲಿ ಸ್ಟೇರಿಂಗ್ ತಿರುಗಿಸಿದೆ. ಟಕಟಕ ಅಂತು, ಢಬ್ ಅಂತು, ಸ್ಟೇರಿಂಗು ಕೈಯಿಂದ ಕಿತ್ಕೊಂಡು ಹೋಯ್ತು. ಪೆಟ್ಟಿಗೆ ಮುಚ್ಚಳ ಜಾರಿ ಜೇನೆಲ್ಲ ನನ್ನ ಮೇಲೆ. ಕಚ್ಚಿದ್ದು ಬಿಡು. ಪ್ರಪಾತಕ್ಕೆ ಗೇಣುದ್ದ ಈಚೆ ನಿಂತಿತು ಕಣೋ ಗಾಡಿ!"

ತಾನು ಹಾಕಿದ ಬೇರಿಂಗಿನ ಕಡೆ ನೋಡಲು ಮೇಸ್ತ್ರಿಗೆ ಧೈರ್ಯ ಬರಲಿಲ್ಲ. ಆದರೂ ಅಭ್ಯಾಸಬಲ. ಇಂಜಿನ್ನು ಇನ್ನೂ ಗುಡುಗುತ್ತಿರುವಾಗಲೇ, "ಆ ಸದ್ದು ಇನ್ನೊಂದ್ಸಲ ಮಾಡಿ ತೋರಿಸು" ಎಂದ.

ಅಕ್ಕ ಅವನನ್ನೇ ದಿಟ್ಟಿಸಿದಳು. ಆಮೇಲೆ ಊದಿದ ತುಟಿಯನ್ನು ಹಿಗ್ಗಿಸಿ ಕುಗ್ಗಿಸಿ, ಕೆನ್ನೆ ಕುಣಿಸಿ ಭರ್ಜರಿಯಾಗಿ ಬಾಯಾಡಿಸಿದಳು.

"ಹೂಂ, ಹೂಂ. ಗೊತ್ತಾಯ್ತು."

ಅಕ್ಕ ಇಂಜಿನ್ನು ಆರಿಸಿದಳು. "ಏನು ಗೊತ್ತಾಯ್ತು? ನಾನು ಸೊಲ್ಲೇ ಎತ್ತಲಿಲ್ಲ."

ಮೇಸ್ತ್ರಿ ತನ್ನ ಗ್ರೀಸಿನ ಕೈಗಳನ್ನು ನೋಡಿಕೊಂಡ.

"ಯಾವಾಗಿಂದ?"

"ಎಂಟು ತಿಂಗಳಾಯ್ತು."

"ನಂಗ್ಯಾಕೆ ಹೇಳಲಿಲ್ಲ?"

"ಕಿವಿ ಬಿಟ್ರೆ ನನ್ನತ್ರ ಏನಿದೆ ಅಕ್ಕ? ಗೊತ್ತಾದ್ರೆ ಒಬ್ರೂ ಬರಲ್ಲ."

"ಅದಕ್ಕೆ ನಾನು ಪ್ರಪಾತಕ್ಕೆ ಬೀಳ್ಬೇಕಿತ್ತಾ?"

ಮೇಸ್ತ್ರಿಗೆ ನಾಚಿಕೆಯಾಯಿತು. ಒಳಗೆ ಹೋಗಿ ಸ್ಕ್ರೂಡ್ರೈವರನ್ನು ಒರೆಸಿಕೊಂಡು ಬಂದ.

"ಇನ್ನೊಂದು ದಾರಿ ಇದೆ. ನಗಬಾರದು."

ಮೂರು ತಿಂಗಳ ಹಿಂದೆ ಎರಡೂ ಕೈಗೆ ಕೆಲಸವಿದ್ದಾಗ ಅವನು ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ. ತುದಿ ಇಂಜಿನ್ನಿಗೆ ತಾಗಿದ್ದೇ ತಡ, ಕಳೆದುಹೋಗಿದ್ದ ಸದ್ದೆಲ್ಲ ಹಲ್ಲಿನಿಂದ ಹತ್ತಿ ತಲೆಯೊಳಗೆ ಬಂದು ಕೂತಿತ್ತು. ಅಂದಿನಿಂದ ಯಾರೂ ಇಲ್ಲದಾಗ ಮಾತ್ರ ಕಚ್ಚುತ್ತಿದ್ದ. ಜನರೆದುರು ಕಚ್ಚಿದರೆ ಗುಟ್ಟು ರಟ್ಟಾಗುತ್ತದಲ್ಲ.

ಮುಂಭಾಗವನ್ನು ಜಾಕಿನ ಮೇಲೆ ಎತ್ತಿ, ಸ್ಟ್ಯಾಂಡು ಕೊಟ್ಟು, ಸ್ಟೇರಿಂಗನ್ನು ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿದರು. ಅಕ್ಕ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದಳು. ಮೇಸ್ತ್ರಿ ಪಕ್ಕದಲ್ಲಿ ಮಲಗಿ, ತುದಿಯನ್ನು ಆಕ್ಸಲಿನ ಗೆಣ್ಣಿಗೆ ತಾಗಿಸಿ, ಹಿಡಿ ಕಚ್ಚಿದ. ಎಡಗಡೆ ನುಣ್ಣಗಿತ್ತು. ಬಲಗಡೆ ಬಂದಾಗ ಹಲ್ಲಿಗೆ ಟಕ್ ಎಂದು ಬಡಿಯಿತು. ಚಕ್ರ ಕಾಲು ಸುತ್ತು ತಿರುಗಿದಾಗ ಇನ್ನೊಂದು ಟಕ್.

"ಫ್ರಾಫ್!" ಎಂದ.

"ಬಾಯಿಂದ ಅದನ್ನ ತೆಗೆದು ಮಾತಾಡೋ."

"ಕ್ರಾಸ್! ಬಲಗಡೆ ಕ್ರಾಸ್ ಹೋಗಿದೆ!"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ತುಟಿ ನೋವು, ನೋವಿಗೆ ಅಯ್ಯೋ, ಅಯ್ಯೋ ಎಂದಿದ್ದಕ್ಕೆ ಮತ್ತೆ ನಗು.

ಚಕ್ರ, ಬ್ರೇಕು, ಹಬ್ಬು ಬಿಚ್ಚಿ ಆಕ್ಸಲನ್ನು ಎಳೆದು ತೆಗೆದಾಗ ಅದು ನಿಜವೇ ಆಗಿತ್ತು. ಕ್ರಾಸ್ ಎಂದರೆ ಚಕ್ರ ಎತ್ತ ತಿರುಗಿದರೂ ಎಳೆತ ಮುಟ್ಟಿಸುವ ಕೀಲು, ಕೂಡು ಗುರುತಿನಂಥ ನಾಲ್ಕು ಕೈಯ ಉಕ್ಕಿನ ತುಂಡು. ಅದರ ಒಂದು ಕೈ ಮುರಿದಿತ್ತು. ಕೈಯ ಸುತ್ತ ಬಟ್ಟಲಿನಲ್ಲಿ ಉರುಳಬೇಕಾದ ಸಣ್ಣ ಸೂಜಿಗಳು ಕೆಂಪು ತುಕ್ಕಿನ ಪುಡಿಯಾಗಿದ್ದವು. ಮೇಸ್ತ್ರಿ ಬಟ್ಟಲನ್ನು ಹಿಡಿದಿಡುವ ಲಾಕು ಕಿತ್ತು, ವೈಸಿನ ದವಡೆಯಲ್ಲಿ ಒತ್ತಿ ಹಳೆಯದನ್ನು ಹೊರತೆಗೆದ. ಹೊಸ ಕ್ರಾಸು ಹಾಕಿ ಒತ್ತಿದರೆ ಕೊನೆಯ ಬಟ್ಟಲು ಕೂದಲೆಳೆಯಷ್ಟು ಹೊರಗೇ ನಿಂತಿತು. ಲಾಕು ಕೂರಲೊಲ್ಲದು. ಹೋದ ವಾರದ ಮೇಸ್ತ್ರಿಯಾಗಿದ್ದರೆ ಸುತ್ತಿಗೆಯಿಂದ ಎರಡು ಬಿಗಿಯುತ್ತಿದ್ದನೋ ಏನೋ. ಇವತ್ತು ಬಟ್ಟಲು ಬಿಚ್ಚಿ ಅಕ್ಕನ ಕೈಗೆ ಕೊಟ್ಟ. ಜೇನುಹುಳುವಿನ ರೆಕ್ಕೆ ಮುರಿಯದಂತೆ ಎತ್ತುವ ಬೆರಳುಗಳು ಅವಳವು. ಅಡ್ಡ ಬಿದ್ದಿದ್ದ ಒಂದು ಸೂಜಿಯನ್ನು ಗ್ರೀಸಿನೊಳಗೆ ನಿಲ್ಲಿಸಿ ಕೂರಿಸಿದಳು. ಈ ಸಲ ಲಾಕು ಕಟ್ ಎಂದು ಕೂತಿತು. ಅದು ಅವಳಿಗೆ ಕೇಳಿಸಿತು, ಅವನ ಹೆಬ್ಬೆರಳಿಗೆ ತಿಳಿಯಿತು.

ಗ್ಯಾರೇಜಿನ ಹಿಂದಿನ ಜಲ್ಲಿ ಗುಡ್ಡೆಯನ್ನು ಟ್ರಕ್ಕು ಮೂರು ಸಲ ಹತ್ತಿಳಿಯಿತು. "ಸದ್ದು ಬರ್ತಿದೆಯಾ ಅಕ್ಕ?" ಎಂದು ಕೇಳಿದ. ಎಂಟು ತಿಂಗಳಲ್ಲಿ ಅವನು ಬಾಯಿಬಿಟ್ಟು ಹಾಗೆ ಕೇಳಿದ್ದು ಅದೇ ಮೊದಲು.

"ಒಂಚೂರೂ ಇಲ್ಲ. ನಾಳೆ ಬೆಳಿಗ್ಗೆ ಕಿವಿ ಡಾಕ್ಟರ ಹತ್ರ ಹೋಗೋಣ. ಬರಲ್ಲ ಅಂದ್ರೆ ಒಂದು ಜೇನುಪೆಟ್ಟಿಗೆ ಇಲ್ಲೇ ಬಿಚ್ಚಿಟ್ಟು ಹೋಗ್ತೀನಿ."

ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಡ್ರೈವರು ಇಳಿದು, ಮೇಸ್ತ್ರಿಯ ಎದುರು ಬಂದು, ಎಂದಿನಂತೆ ಕೆನ್ನೆ ಉಬ್ಬಿಸಿದರು.

ಮೇಸ್ತ್ರಿ ಅಕ್ಕನ ಊದಿದ ಕಣ್ಣನ್ನೊಮ್ಮೆ ನೋಡಿದ. "ಬೇಡಿ ಅಣ್ಣ. ನಂಗೆ ಕಿವಿ ಸರಿಯಾಗಿ ಕೇಳಲ್ಲ. ಎಂಟು ತಿಂಗಳಿಂದ ನಿಮಗೆಲ್ಲ ಸುಳ್ಳು ಹೇಳ್ತಾ ಇದ್ದೆ."

ಡ್ರೈವರು ಕೆನ್ನೆಯ ಗಾಳಿಯನ್ನು ನಿಧಾನಕ್ಕೆ ಬಿಟ್ಟರು. "ಅದು ಗೊತ್ತಿಲ್ದೆ ಈ ವಯಸ್ಸಲ್ಲಿ ನಡುಬೀದೀಲಿ ನಿಂತ್ಕೊಂಡು ಗೊರಗೊರ ಅಂತಿದ್ನಾ ಮೇಸ್ತ್ರಿ? ಹೆಡ್‌ಮಿಸ್ಸಂತೂ ಮನೇಲಿ ಕನ್ನಡಿ ಮುಂದೆ ಅಭ್ಯಾಸ ಮಾಡ್ಕೊಂಡು ಬರ್ತಾರಂತೆ."

ಮೇಸ್ತ್ರಿ ಬಸ್ಸಿನ ಬಾನೆಟ್ಟು ಎತ್ತಿ, ಕಿಟಕಿಯಿಂದ ಅಷ್ಟೂ ಜನ ನೋಡುತ್ತಿರುವಂತೆಯೇ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದ.