ಕೆರೆಯಲ್ಲಿರುವ ನಾಜಲ್

ಅಗ್ನಿಶಾಮಕ ಠಾಣೆಯಲ್ಲಿ ಹದಿನೈದು ವರ್ಷ ಸೇವೆ ಮುಗಿಸಿದವನು ಸ್ವಯಂ ನಿವೃತ್ತಿ ಕೇಳಬಹುದು. ನನಗೆ ಇಪ್ಪತ್ತೈದು ಮುಗಿದಿದೆ. ಏಣಿ ಹತ್ತಿದರೆ ಮಂಡಿ ಒಪ್ಪುವುದಿಲ್ಲ, ಹತ್ತದಿದ್ದರೆ ಸಾಹೇಬರು ಒಪ್ಪುವುದಿಲ್ಲ. ಆದರೂ ನನ್ನ ಅರ್ಜಿ ಎರಡು ಸಲ ವಾಪಸ್ ಬಂತು: ಇಲಾಖಾ ವಿಚಾರಣೆ ಬಾಕಿ ಇರುವವರಿಗೆ ಅನುಮತಿ ಇಲ್ಲ. ಇನ್ನು ಅರವತ್ತು ತುಂಬುವವರೆಗೆ, ಅಂದರೆ ಎಂಟು ವರ್ಷ, ಏಣಿಯೇ ಗತಿ.

ವಿಚಾರಣೆ ಒಂದು ಹಿತ್ತಾಳೆ ನಾಜಲ್ ಬಗ್ಗೆ. ಬಾಗೂರಿನಾಚೆ ಒಂದು ಹಳ್ಳಿಯಲ್ಲಿ ಹುಲ್ಲಿನ ಮೆದೆಗೆ ಬೆಂಕಿ ಬಿದ್ದಿತ್ತು. ಆರಿಸಿದ ಮೇಲೆ ಸಾಮಾನು ಎಣಿಸಿ ಗಾಡಿಗೆ ಹಾಕಬೇಕಾದವನು ನಾನು. ಊರಿನವರು ಎಳನೀರು ಕೊಟ್ಟರು. ಕುಡಿಯುತ್ತಲೇ, ಎಲ್ಲ ಇದೆ ಎಂದುಬಿಟ್ಟೆ. ಮನೆಯ ಬೀಗವನ್ನು ಮೂರು ಸಲ ಎಳೆದು ನೋಡುವವನು ಅವತ್ತೊಂದು ದಿನ ನೆಮ್ಮದಿಯಾಗಿದ್ದೆ. ಠಾಣೆಗೆ ಬಂದು ನೋಡಿದರೆ ಪೈಪಿನ ಮೂತಿಗೆ ಹಾಕುವ ನಾಜಲ್ ಇಲ್ಲ. ಗಾಬರಿಯಲ್ಲಿ, ಗಾಡಿಗೆ ನೀರು ತುಂಬಿಸುವಾಗ ಆ ಊರಿನ ಕೆರೆಗೆ ಬಿತ್ತು ಎಂದು ಬರೆದುಕೊಟ್ಟೆ. ಕೆರೆಯಲ್ಲಿ ಯಾರು ಹುಡುಕುತ್ತಾರೆ ಎಂಬ ಧೈರ್ಯ.

ಮೂರು ವರ್ಷದಲ್ಲಿ ಇಬ್ಬರು ವಿಚಾರಣಾಧಿಕಾರಿಗಳು ವರ್ಗವಾದರು, ಕಡತ ಉಳಿಯಿತು. ಕಳೆದ ತಿಂಗಳು ತಡೆಯಲಾರದೆ ಆ ಹಳ್ಳಿಗೇ ಹೋದೆ. ಮೆದೆಯ ಯಜಮಾನರು ತೆಂಗಿನ ಸಸಿಗಳಿಗೆ ನೀರು ಬಿಡುತ್ತಿದ್ದರು, ನಮ್ಮ ನಾಜಲ್‌ನಲ್ಲಿ.

"ಬನ್ನಿ ಸಾ. ಅವತ್ತು ಬುಟ್ಟೋಗಿದ್ರಲ್ಲ, ಯಾರಾದ್ರೂ ಬತ್ತಾರೆ ಅಂತ ಕಾದೆ. ಸುಮ್ಕೆ ಯಾಕೆ ಬಿದ್ದಿರ್ಲಿ ಅಂತ ಪೈಪಿಗೆ ಆಕ್ಕೊಂಡೆ. ತಗೊಂಡೋಗಿ."

ಕೈ ಚಾಚಿದೆ. ಅಷ್ಟರಲ್ಲಿ ನಾನೇ ಸಹಿ ಹಾಕಿದ ಹೇಳಿಕೆ ನೆನಪಾಯಿತು. ಇದನ್ನು ಒಯ್ದರೆ, ಸುಳ್ಳು ಬರೆದದ್ದಕ್ಕೆ ನನ್ನ ಮೇಲೆ ಇನ್ನೊಂದು ವಿಚಾರಣೆ. ಕದ್ದ ಮಾಲು ಎಂದು ಇವರ ಮನೆಗೆ ಪೊಲೀಸರು ಬಂದರೂ ಬಂದಾರು.

"ಇದು ನಮ್ದಲ್ಲ ಯಜಮಾನ್ರೇ."

"ನಿಮ್ದಲ್ದೆ ಇನ್ಯಾರ್ದು? ಠಾಣೆ ನಂಬ್ರ ಕೆತ್ತೈತೆ."

"ನಮ್ದು ಕೆರೇಲಿ ಬಿದ್ದೋಗೈತೆ."

ಅವರು, ನನಗೆ ಬಿಸಿಲು ತಲೆಗೇರಿರಬೇಕು ಎಂದುಕೊಂಡು ಒಂದು ಎಳನೀರು ಕೊಚ್ಚಿಕೊಟ್ಟರು. ಕುಡಿದು ಬರಿಗೈಯಲ್ಲಿ ಬಸ್ಸು ಹತ್ತಿದೆ.

ಮೊನ್ನೆ ಹಾಸನದಿಂದ ಮೂರನೆಯ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ನನ್ನ ಮಂಡಿಯನ್ನೂ ವಿಚಾರಿಸಿದರು. ಹಿಂದಿನ ಹೇಳಿಕೆಗೆ ಬದ್ಧನೇ ಎಂದು ಕೇಳಿದರು. ಬದ್ಧ ಎಂದೆ. ಹಾಗಾದರೆ ಕೆರೆ ಬತ್ತಿದ ತಕ್ಷಣ ಹುಡುಕಿಸಿ, ಸಿಕ್ಕಿದ ದಿನವೇ ಕಡತ ಮುಗಿಸಿ ನಿಮ್ಮನ್ನು ಕಳಿಸಿಕೊಡುತ್ತೇನೆ ಎಂದು ಬೆನ್ನು ತಟ್ಟಿದರು.

ಅದು ಹೇಮಾವತಿ ನಾಲೆಯಿಂದ ತುಂಬುವ ಕೆರೆ. ನಾನು ಸೇವೆಗೆ ಸೇರಿದಾಗಿನಿಂದ ಬತ್ತಿದ್ದನ್ನು ನೋಡಿಲ್ಲ.