ಮೇಲ್ ನಿಲ್ಲದ ಊರಿನ ಸ್ಟೇಟ್‌ಮೆಂಟ್

“ಸಿಸ್ಟಮ್ ಕಿತ್ಕೊಂಡ ದುಡ್ಡು ವಾಪಸ್ ಬರೋದುಂಟಾ ಮೇಡಂ? ಬಂದ್ರೆ ಇಡೀ ಬ್ರಾಂಚಿಗೆ ಬಂಗಾರಪೇಟೆ ಪಾನಿಪುರಿ ನಂದು” ಎಂದು ನಕ್ಕವರು ನಮ್ಮ ಶಾಖೆಯ ಹಿರಿಯ ಗುಮಾಸ್ತ ನಾರಾಯಣಪ್ಪನವರು. ಇದು ಮೂರು ವರ್ಷದ ಹಿಂದಿನ ಮಾತು. ಆಗ ನಾನು ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯ ಬ್ಯಾಂಕೊಂದರಲ್ಲಿ ಸಹಾಯಕ ವ್ಯವಸ್ಥಾಪಕಿ. ದಿನಾ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತುತ್ತಿದ್ದೆ. ಹಸು ಕಟ್ಟಿ ಓದಿಸಿದ ಅಮ್ಮನ ಮಗಳು ನಾನು. ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಬ್ಯಾಂಕ್ ಪರೀಕ್ಷೆಯಲ್ಲಿ ಮೂರು ಸಲ ಬಿದ್ದು ನಾಲ್ಕನೇ ಸಲ ಎದ್ದೆ. ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ.

ಒಂದು ಸೋಮವಾರ ಗಂಗಮ್ಮ ಎಂಬಾಕೆ ನನ್ನ ಮೇಜಿನ ಮುಂದೆ ಬಂದು ನಿಂತರು. ಅರವತ್ತು ದಾಟಿದ ವಯಸ್ಸು. ಎರಡು ಹಸುವಿನ ಹಾಲು ಡೈರಿಗೆ ಹಾಕುವವರು. ಪಾಸ್‌ಬುಕ್ ಅಚ್ಚು ಹಾಕುವ ಯಂತ್ರ ಕೆಟ್ಟಿದ್ದರಿಂದ ಪ್ರತಿ ತಿಂಗಳೂ ಸ್ಟೇಟ್‌ಮೆಂಟ್, ಅಂದರೆ ಖಾತೆಯ ವಿವರವನ್ನು, ಕಾಗದದಲ್ಲಿ ಪಡೆಯುತ್ತಿದ್ದರು. ಪ್ರತಿ ಸಲವೂ ಐವತ್ತು ರೂಪಾಯಿ ಶುಲ್ಕ, ಮೇಲೆ ಒಂಬತ್ತು ರೂಪಾಯಿ ಜಿಎಸ್‌ಟಿ ಕಡಿತ.

“ಯಾಕಮ್ಮಯ್ಯ, ಒಂದಾಳೆ ಕಾಗ್ದಕ್ಕೆ ಐವತ್ತೊಂಬತ್ತಾ? ಗಣಿಯೊಳಗಿಂದ ತೋಡಿ ತಂದ್ರಾ ಇದ್ನ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮೊಬೈಲಿನಲ್ಲಿ ನೋಡಬಹುದಲ್ಲ ಎಂದೆ.

“ಮೊಬೈಲು ಮಗನ್ದು. ನನ್ ಆಲಿನ್ ದುಡ್ಡು ಎಷ್ಟೈತೆ ಅಂತ ಅವ್ನ್ ಮುಂದೆ ಕೈಕಟ್ಕೊಂಡು ಕೇಳ್ಬೇಕಾ? ಅಕ್ಷರ ಬರ್ದಿದ್ರೂ ಅಂಕಿ ಬತ್ತದೆ ಕಣಮ್ಮ ನಂಗೆ. ನೀವಿಂಗೇ ಕಿತ್ಕೊಂಡ್ರೆ ಕಾಗ್ದ ಬಿಟ್ಬುಡ್ತೀನಿ. ಆಮ್ಯಾಕೆ ಅವ್ನು ಯೋಳಿದ್ದೇ ಲೆಕ್ಕ.”

ಆ ಕೊನೆಯ ಮಾತು ನನ್ನನ್ನು ಕುಟುಕಿತು.

ನಮ್ಮ ಬ್ಯಾಂಕಿನ ನಿಯಮ ಹೀಗಿತ್ತು: ಇ-ಮೇಲ್ ಇಲ್ಲದವರಿಗೆ ತಿಂಗಳಿಗೊಂದು ಸ್ಟೇಟ್‌ಮೆಂಟ್ ಕಾಗದದಲ್ಲೇ, ಉಚಿತವಾಗಿ. ಇ-ಮೇಲ್ ಕೊಟ್ಟವರಿಗೆ ಅದರಲ್ಲೇ ಹೋಗುತ್ತದೆ. ಅವರು ಕಾಗದವನ್ನೂ ಕೇಳಿದರೆ ಅದು ಎರಡನೇ ಪ್ರತಿ, ಶುಲ್ಕ ತಪ್ಪದು. ಹಾಗಾದರೆ ಗಂಗಮ್ಮನವರಿಗೆ ಇ-ಮೇಲ್ ಎಲ್ಲಿಂದ ಬಂತು? ಖಾತೆ ತೆರೆದು ನೋಡಿದೆ. ಇತ್ತು! ಅದೇ ವಿಳಾಸ ಹಾಕಿ ಹುಡುಕಿದರೆ ಒಂದಲ್ಲ, ನಲವತ್ತೊಂದು ಖಾತೆಗಳು. ಎಲ್ಲವೂ ಆನ್‌ಲೈನ್ ಅರ್ಜಿಯಿಂದ ತೆರೆದವು. ವಿಳಾಸ ನಮ್ಮ ರಸ್ತೆಯ ತುದಿಯಲ್ಲಿ ಸೈಬರ್ ಅಂಗಡಿ ಇಟ್ಟಿದ್ದ ಸೆಲ್ವಂನದು.

ಊಟದ ಬಿಡುವಿನಲ್ಲಿ ಹೋಗಿ ಕೇಳಿದೆ. ಅವನು ಕುರ್ಚಿಯಿಂದ ಎದ್ದೇಬಿಟ್ಟ.

“ಇ-ಮೇಲ್ ಆಕ್ದಿದ್ರೆ ಫಾರಂ ಮುಂದಕ್ಕೇ ಓಗಲ್ಲ ಮೇಡಂ. ಮೇಲ್ ಐತಾ ಪಾಟಿ ಅಂತ ಗಂಗಮ್ಮಜ್ಜೀನ ಕೇಳ್ದೆ. ‘ಮೇಲ್ ಇಲ್ಲೆಲ್ಲಿ ನಿಲ್ತದಪ್ಪ, ಬಂಗಾರಪೇಟೆಗೇ ಓಗ್ಬೇಕು’ ಅಂದ್ರು. ಏನ್ ಮಾಡ್ಲಿ? ನಂದೇ ಆಕ್ಬುಟ್ಟೆ.”

ನಗು ತಡೆಯಲಾಗಲಿಲ್ಲ. ಗಂಗಮ್ಮನವರು ತಪ್ಪೇನೂ ಹೇಳಿರಲಿಲ್ಲ. ನಮ್ಮ ಕಡೆಯ ಹಿರಿಯರಿಗೆ ಮೇಲ್ ಅಂದರೆ ದೂರದ ಊರಿಗೆ ಓಡುವ ಮೇಲ್ ರೈಲು, ಅದು ಕೆ.ಜಿ.ಎಫ್. ಕಡೆಗೆ ತಿರುಗುವುದೇ ಇಲ್ಲ. ಉಳಿದ ನಲವತ್ತು ಮಂದಿಗೆ ಸೆಲ್ವಂ ಪ್ರಶ್ನೆಯನ್ನೇ ಕೇಳಿರಲಿಲ್ಲ. ಅವರೆಲ್ಲರ ಸ್ಟೇಟ್‌ಮೆಂಟುಗಳು ಪಾಸ್‌ವರ್ಡಿನ ಬೀಗ ಹಾಕಿಕೊಂಡು, ಯಾರೂ ತೆರೆಯದೆ, ಅವನ ಕಂಪ್ಯೂಟರಿನಲ್ಲಿ ರಾಶಿ ಬಿದ್ದಿದ್ದವು.

ನಡೆದದ್ದನ್ನು ಸೆಲ್ವಂನಿಂದಲೇ ಬರೆಸಿಕೊಂಡೆ. ನಲವತ್ತೊಂದು ಜನರನ್ನೂ ಕರೆಸಿ ಹೊಸ ಅರ್ಜಿ ತುಂಬಿಸಿದೆ; ಈ ಸಲ ಪ್ರತಿ ಪ್ರಶ್ನೆಯನ್ನೂ ಅವರ ಮಾತಿನಲ್ಲೇ ಕೇಳಿದೆ. ಪ್ರಾದೇಶಿಕ ಕಚೇರಿ ಕಡತವನ್ನು ಎರಡು ಸಲ ಹಿಂದಕ್ಕೆ ಕಳಿಸಿತು. ಬಿದ್ದು ಏಳುವುದು ನನಗೆ ಹೊಸದೇ? ಮೂರನೇ ಸಲ ಕಡತವನ್ನು ಕಂಕುಳಲ್ಲಿಟ್ಟುಕೊಂಡು ನಾನೇ ಹೋದೆ. ಆರನೇ ವಾರ ಶುಲ್ಕವೆಲ್ಲ ವಾಪಸ್ ಜಮಾ ಆಯಿತು.

ಗಂಗಮ್ಮನವರು ಉಚಿತ ಕಾಗದವನ್ನು ನನ್ನ ಮೇಜಿನ ಮೇಲೆ ಹರಡಿ, ಬೆರಳಿಟ್ಟು, ಒಂದೊಂದೇ ಅಂಕಿ ಓದಿದರು. “ಸರ್ಯಾಗೈತೆ. ಇನ್ಮ್ಯಾಕೆ ನನ್ ಮಗ ನನ್ನೇ ಕೇಳ್ಲಿ” ಎಂದು ಮಡಿಸಿ ಕುಪ್ಪಸದೊಳಗಿಟ್ಟರು. ಸಂಜೆ ಪಾನಿಪುರಿ ಬಂತು. ನಾರಾಯಣಪ್ಪನವರೇ ಎಲ್ಲರಿಗಿಂತ ಹೆಚ್ಚು ತಿಂದರು.

ಅರ್ಜಿಯಲ್ಲಿ ಏನು ತುಂಬಿದೆಯೋ ಅದೇ ಗ್ರಾಹಕರ ಇಷ್ಟವೆಂದು ನಂಬುವ ಮೊದಲು, ತುಂಬಿದ ಕೈ ಯಾರದೆಂದು ನೋಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇದನ್ನು.

ಆ ವರ್ಷ ಉತ್ತಮ ಗ್ರಾಹಕ ಸೇವೆಯ ಪ್ರಮಾಣಪತ್ರ ನನ್ನ ಹೆಸರಿಗೆ ಬಂತು. ಶಾಖೆಯಲ್ಲಿ ಅದನ್ನು ಗಂಗಮ್ಮನವರ ಕೈಯಿಂದಲೇ ಕೊಡಿಸಿದರು. ಮೊದಲ ಸಾಲಿನಲ್ಲಿ ಕೂತಿದ್ದ ನನ್ನಮ್ಮ ಅದನ್ನು ಇಸಿದುಕೊಂಡಳು. ಹಿಂದೆ ಮುಂದೆ ತಿರುಗಿಸಿದಳು, ಅಂಚು ಮುಟ್ಟಿ ನೋಡಿದಳು, ನನ್ನ ಕಿವಿಯ ಬಳಿ ಬಗ್ಗಿದಳು.

“ದಪ್ಪನ್ ಕಾಗ್ದ ಕಣೇ! ಇದ್ಕೆಷ್ಟು ಕಿತ್ಕೊಂಡ್ರು?”