ಚೌಡಮ್ಮನ ಹರಕೆಯ ಬಾಟಲಿ

ಗೆಳೆಯರೇ, ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ಕುಡಿತ ಬಿಟ್ಟವರು ಭಾನುವಾರ ಸೇರುವ ನಮ್ಮ ವನಗೂರಿನ ಗುಂಪು ಗೊತ್ತಲ್ಲ? ಅದರಲ್ಲಿರುವ ಜೀಪ್ ಡ್ರೈವರ್ ಪುಟ್ಟರಾಜು ಕುಡಿತ ಬಿಟ್ಟು ವರ್ಷವಾಯಿತೆಂದು ಅವನ ಹೆಂಡತಿ ಸಾವಿತ್ರಿ ಇವತ್ತು ಎಸ್ಟೇಟಿನ ಚೌಡಮ್ಮನಿಗೆ ಹರಕೆ ತೀರಿಸಿದಳು. ನಾವೆಲ್ಲ ಹೋಗಿದ್ದೆವು. ಕೋಳಿ, ತೆಂಗಿನಕಾಯಿ ಆದಮೇಲೆ ಚೀಲದಿಂದ ತೆಗೆದಳು ನೋಡಿ, ಒಂದು ಬಾಟಲಿ ಬ್ರಾಂದಿ!

"ಏನಮ್ಮಾ ಇದು?" ಎಂದು ಕೂಗಿಯೇಬಿಟ್ಟೆ.

"ಇವ್ರು ಕುಡ್ಯೋದು ಬಿಟ್ರೆ ಬ್ರಾಂದಿ ಕೊಡ್ತೀನಿ ಅಂತ ಅಮ್ಮಂಗೆ ಹೇಳ್ಕೊಂಡಿದ್ದೆ ಕಣಣ್ಣ. ಮಾತು ತಪ್ಪಕ್ಕಾಗ್ತದಾ?"

ಪೂಜಾರಿ ಕಲ್ಲಿನ ಮೇಲೆ ಒಂದಿಷ್ಟು ಸುರಿದು, ಉಳಿದದ್ದನ್ನು ಪುಟ್ಟರಾಜುವಿನ ಮುಂದೆ ಹಿಡಿದರು. "ಹರಕೆ ನಿನ್ನ ಹೆಸರಲ್ಲೈತೆ. ಮೊದ್ಲ ಪ್ರಸಾದ ನಿಂದೇ, ಕೈ ಒಡ್ಡು."

ಪುಟ್ಟರಾಜುವಿನ ಬಲಗೈ ತಾನಾಗಿ ಮೇಲೆದ್ದಿತು. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಸರಿ, ಅವನ ಕಡೆಯೋರು ಯಾರಾದ್ರೂ ತಗೊಳ್ರಪ್ಪ," ಎಂದರು ಪೂಜಾರಿ.

ಅವನ ಕಡೆಯವರು ಎಂದರೆ ನಾವೇ. ಒಬ್ಬೊಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆವು.

"ಪ್ರಸಾದ ಬ್ಯಾಡ ಅನ್ನೋ ಗಂಡಸ್ರನ್ನ ಇವತ್ತೇ ಕಂಡಿದ್ದು ಮಾರಾಯ!" ಎಂದ ಪೂಜಾರಿ ಬಾಟಲಿಯನ್ನು ಪೂರ್ತಿ ತಾವೇ ಮುಗಿಸಿಬಿಟ್ಟರು.

ಮುಂದಿನ ಭಾನುವಾರ ಅವರಿಗೂ ಒಂದು ಕುರ್ಚಿ ಹಾಕಿಡುತ್ತೇವೆ.